ಗೇಣುದ್ದ ಬಿಟ್ಟ ಬಳ್ಳಿ

೧೯೫೪ನೇ ಇಸವಿ ಫೆಬ್ರವರಿ ಹನ್ನೊಂದು, ಗುರುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಡಾಕ್ಟರ್ ಪೂವಯ್ಯ ಎಡಗೆನ್ನೆಯ ಗಡ್ಡ ಹೆರೆದು ಮುಗಿಸಿ ಬಲಗೆನ್ನೆಗೆ ಸೋಪಿನ ನೊರೆ ಹಚ್ಚಿಕೊಳ್ಳುತ್ತಿದ್ದವನು, ಬೇಲಿಯ ಹತ್ತಿರ ಯಾರೋ ಕೆಮ್ಮಿದ್ದು ಕೇಳಿ ಕನ್ನಡಿಯಿಂದ ಕಣ್ಣು ತೆಗೆದ. ಕೆಮ್ಮಿದವರು ಒಳಗೆ ಬರಲಿಲ್ಲ. ಮದ್ದಿಗೆ ಬರುವವರು ದೂರದಿಂದಲೇ ಕೂಗುತ್ತಾರೆ, ನೆಂಟರು ನೇರ ಜಗಲಿ ಹತ್ತುತ್ತಾರೆ; ಹೀಗೆ ಬೇಲಿಯ ಹತ್ತಿರ ನಿಂತು ಕೆಮ್ಮುವವರು ಬಾಯಲ್ಲಿ ಹೇಳಲಾರದ ಸುದ್ದಿ ತಂದಿರುತ್ತಾರೆ ಎಂದು ಒಂಬತ್ತು ವರ್ಷದ ಕೆಲಸ ಅವನಿಗೆ ಕಲಿಸಿತ್ತು. ನೊರೆಯ ಮುಖದಲ್ಲೇ ಹೊರಗೆ ಬಂದ. ಹೊಳೆದಂಡೆಯ ಕೆಂಪಣ್ಣ ನಿಂತಿದ್ದ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಮೇಲ್ಗಡೆ ಗದ್ದೆ ಮಾಡಿಕೊಂಡವನು. ಹೋದ ವರ್ಷ ಎತ್ತು ತುಳಿದ ಕಾಲಿಗೆ ಕಟ್ಟು ಹಾಕಿಸಿಕೊಂಡು ಹೋಗಿದ್ದ. ಈಗ ಅದೇ ಕಾಲನ್ನು ನೆಲಕ್ಕೆ ಉಜ್ಜುತ್ತ ನಿಂತಿದ್ದ.

"ಮಗಳಿಗೆ ಹೆರಿಗೆ ಆಯ್ತು ಡಾಕ್ಟ್ರೇ. ಹೆಣ್ಣು. ಹೊಟ್ಟೆ ಒಳಗಿರೋದೆಲ್ಲ ಈಚ್ಗೆ ಅದೆ."

"ಈಚೆಗೆ ಅಂದರೆ?"

"ಈಚ್ಗೆ ಅಂದ್ರೆ ಈಚ್ಗೆ. ಪೊರೆ ಒಳ್ಗೆ ಕರುಳು ಕಾಣ್ತದೆ. ಎದೆ ಕೆಳ್ಗೆ ಗುಂಡಿಗೆ ಕುಣೀತದೆ, ಅದೂ ಕಾಣ್ತದೆ."

"ಉಸಿರಿದೆಯೋ?"

"ಅದೇ ಕಷ್ಟ ಆಗಿರೋದು ಸ್ವಾಮಿ," ಅಂದ ಕೆಂಪಣ್ಣ. "ಅಳ್ತಾ ಅದೆ. ಚೆನ್ನಾಗಿ ಅಳ್ತಾ ಅದೆ."

ಒಳಗಿನಿಂದ ಹೆಂಡತಿ ಯಮುನ ಅರೆಭಾಷೆಯಲ್ಲಿ, "ಎಂತ ಆತ್? ಕಾಫಿ ಆರ್ತಾ ಉಟ್ಟು" ಎಂದಳು. ಆ ಕ್ಷಣದಲ್ಲಿ ಪೂವಯ್ಯನ ಕಣ್ಣಿಗೆ ಬಂದದ್ದು ಕೆಂಪಣ್ಣನ ಮಗಳ ಮುಖವಲ್ಲ, ಮದರಾಸಿನ ಕಾಲೇಜಿನ ಮ್ಯೂಸಿಯಮ್ಮು. ಕಿಟಕಿಯ ಕಡೆಯಿಂದ ಮೂರನೆಯ ಅಲಮಾರು, ಮೇಲಿನಿಂದ ಎರಡನೆಯ ಹಲಗೆ. ಗಾಜಿನ ಜಾಡಿಯಲ್ಲಿ ಫಾರ್ಮಲಿನ್ನಿನೊಳಗೆ ಕಣ್ಣು ಮುಚ್ಚಿ ಕೂತ ಒಂದು ಶಿಶು, ಅದರ ಹೊಟ್ಟೆಯಿಂದ ಹೊರಗೆ ಬಂದ ಬೂದುಬಣ್ಣದ ಗಂಟು, ಕೆಳಗೆ ಸುಂದರವಾದ ಕೈಬರಹದ ಚೀಟಿ. ಇಪ್ಪತ್ತೊಂದು ವರ್ಷದ ಹುಡುಗನಾಗಿದ್ದಾಗ ಅದರ ಮುಂದೆ ಎಷ್ಟೋ ಹೊತ್ತು ನಿಂತಿದ್ದ. ಅದಕ್ಕೊಬ್ಬ ತಾಯಿ ಇದ್ದಳು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಈಗ ಮೊದಲು ನೆನಪಾದದ್ದು ಆ ಜಾಡಿಯೇ ಎಂಬುದಕ್ಕೆ ನಾಚಿ, ಬಲಗೆನ್ನೆಯ ನೊರೆಯನ್ನು ಟವೆಲಿನಿಂದ ಒರೆಸಿಕೊಂಡು, ಅರ್ಧ ಗಡ್ಡದಲ್ಲೇ ಚೀಲ ಎತ್ತಿಕೊಂಡ.

ಸೈಕಲ್ಲಿನ ಹಿಂದೆ ಕೆಂಪಣ್ಣ ಮದ್ದಿನ ಚೀಲವನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತ. ಮೂರು ಮೈಲಿ ದಾರಿ. ಕುಯಿಲು ಮುಗಿದ ಗದ್ದೆಗಳಲ್ಲಿ ಬತ್ತದ ಕೂಳೆ ಒಣಗಿ ನಿಂತಿತ್ತು. ಹೊಳೆ ಇಳಿದು ಬಂಡೆಗಳ ಬೆನ್ನು ಕಾಣುತ್ತಿತ್ತು. ಸಣ್ಣ ಏರಿನಲ್ಲಿ ಸೈಕಲ್ಲು ನಿಂತೇಹೋಯಿತು. ಕೆಂಪಣ್ಣ ಕೆಳಗಿಳಿದು, "ನೀವ್ ಕೂತೇ ಇರಿ, ನಾನ್ ತಳ್ತೀನಿ" ಎಂದ. ಹೆಣ್ಣಾಳುಗಳಿಬ್ಬರು ದಾರಿ ಬಿಟ್ಟು ನಿಂತು, ಮುದುಕನಿಂದ ತಳ್ಳಿಸಿಕೊಳ್ಳುತ್ತಿದ್ದ ಅರ್ಧ ಗಡ್ಡದ ಡಾಕ್ಟರನ್ನು ನೋಡಿ ಸೆರಗು ಬಾಯಿಗೆ ಹಿಡಿದರು. ಪೂವಯ್ಯ ಇಳಿದು ತಾನೂ ತಳ್ಳಿದ.

"ಹೆರಿಗೆ ಮಾಡಿಸಿದ್ದು ಯಾರು?"

"ನಮ್ ನಿಂಗಕ್ಕ. ನಿಂಗಮ್ಮ. ನಮ್ಕಡೆಯೋಳೇ. ಇಲ್ಲಿಗೆ ಬಂದ್ಮೇಲೆ ಈ ದಂಡೇಲಿ ಹುಟ್ಟಿರೋರೆಲ್ಲ ಅವ್ಳ ಕೈಗೇ ಹುಟ್ಟಿರೋರು." ಕೆಂಪಣ್ಣ ಏದುಸಿರು ಬಿಟ್ಟ. "ಹೊಕ್ಕುಳ್ ಬಳ್ಳೀನ ದೂರ ಕಟ್ಟವ್ಳೆ ಡಾಕ್ಟ್ರೇ. ಗೇಣುದ್ದ ಬಿಟ್ಟು. ನಾನ್ ಬಾಗ್ಲಾಚೆಯಿಂದ್ಲೇ ಕೇಳ್ದೆ, ಯಾಕಕ್ಕ ಅಷ್ಟುದ್ದ, ಎಮ್ಮೆ ಕಟ್ಟೋಕಾ ಅಂತ. ಬಾಯ್ ಮುಚ್ಕೊಂಡ್ ಡಾಕ್ಟ್ರನ್ನ ಕರ್ಕೊಂಬಾ ಅಂದ್ಲು."

ಸೈಕಲ್ಲಿನ ಹ್ಯಾಂಡಲು ಪೂವಯ್ಯನ ಕೈಯಲ್ಲಿ ಒಂದು ಪಕ್ಕಕ್ಕೆ ವಾಲಿತು. ದೂರ ಕಟ್ಟಿದ್ದಾಳೆ. ಗೇಣುದ್ದ. ಅವನು ಕಟ್ಟಿದ್ದು ಎರಡು ಇಂಚಿಗೆ. ಎರಡೂವರೆ ವರ್ಷದ ಹಿಂದೆ, ಮಾದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ಡಾಕ್ಟರಾಗಿದ್ದಾಗ, ಲೈನು ಎನ್ನುವ ಕೂಲಿಮನೆಗಳ ಸಾಲಿನ ಕೊನೆಯ ಮನೆಯಲ್ಲಿ, ಲಿಂಗಿ ಎಂಬ ಕೂಲಿ ಹೆಂಗಸಿಗೆ ಹುಟ್ಟಿದ ಗಂಡುಮಗುವಿಗೆ. ಬಳ್ಳಿಯ ಬುಡ ಮಾಮೂಲಿಗಿಂತ ದಪ್ಪ ಇತ್ತು, ಅದನ್ನು ನೋಡಿದ್ದ. ಆದರೆ ಎರಡು ಇಂಚು ಎಂದರೆ ಎರಡು ಇಂಚು. ಜೇಬಿನಲ್ಲಿ ಸ್ಕೇಲು ಇಟ್ಟುಕೊಂಡು ಅಳೆದು ಕಟ್ಟುವ ಡಾಕ್ಟರು ತಾನು ಎಂದು ಸೂಲಗಿತ್ತಿಯರ ಮುಂದೆ ಜಂಬ ಇತ್ತು. ರೇಷ್ಮೆ ದಾರ ಬಿಗಿಯುವಾಗ ಗಂಟಿನ ಕೆಳಗೆ ಏನೋ ಗುಳುಗುಳು ಎಂದಿತು. ಅದು ಬೆರಳಿಗೆ ತಕ್ಷಣ ಗೊತ್ತಾಯಿತು, ಮೆದುಳಿಗೆ ಗೊತ್ತಾಗಲು ಮೂರು ದಿನ ಬೇಕಾಯಿತು. ಎರಡನೆಯ ದಿನ ಮಗು ಹಸುರು ಕಕ್ಕಿತು, ಹೊಟ್ಟೆ ಉಬ್ಬಿತು, ಮೂರನೆಯ ದಿನ ಸಂಜೆ ಹೋಯಿತು. ಬಳ್ಳಿಯೊಳಗೆ ಇಳಿದಿದ್ದ ಹೆಬ್ಬೆರಳು ಗಾತ್ರದ ಕರುಳನ್ನು ತಾನು ಅಳತೆ ಮಾಡಿ, ಅಚ್ಚುಕಟ್ಟಾಗಿ, ಗಂಟು ಜಾರದ ಹಾಗೆ ಕಟ್ಟಿದ್ದೆ ಎಂಬುದು ಅವತ್ತು ರಿಜಿಸ್ಟರು ಬರೆಯಲು ಪೆನ್ನು ಎತ್ತಿದಾಗ ತಿಳಿಯಿತು. ಮರಣಕ್ಕೆ ಕಾರಣ ಎಂಬ ಜಾಗದಲ್ಲಿ 'ಹುಟ್ಟಿನಿಂದ ದುರ್ಬಲ' ಎಂದು ಬರೆದ. ಹದಿನೈದು ದಿನ ಬಿಟ್ಟು ಲಿಂಗಿ ನಾಲ್ಕು ಕಿತ್ತಳೆ ತಂದು ಮೆಟ್ಟಿಲ ಮೇಲಿಟ್ಟು, ನೀವು ಇದ್ದಿದ್ದಕ್ಕೆ ಮೂರು ದಿನವಾದರೂ ಮಗನ ಮುಖ ನೋಡಿದೆ ಎಂದು ಕೈಮುಗಿದಿದ್ದಳು. ಯಮುನ ಹಣ್ಣು ಸುಲಿದು ಕೊಟ್ಟಾಗ ಒಂದು ತೊಳೆ ಬಾಯಿಗೆ ಹಾಕಿಕೊಂಡ. ನುಂಗಲಿಕ್ಕೂ ಆಗದೆ ಉಗಿಯಲಿಕ್ಕೂ ಆಗದೆ ಎಷ್ಟು ಹೊತ್ತು ಕೂತಿದ್ದನೋ.

"ಡಾಕ್ಟ್ರೇ, ಇಳಿಜಾರು ಬಂತು, ಹತ್ಕೊಳ್ಳಿ," ಎಂದ ಕೆಂಪಣ್ಣ.

ಬಾಣಂತಿ ಕೋಣೆ ಮನೆಯ ಹಿಂಬದಿಯಲ್ಲಿತ್ತು. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಕಂಡದ್ದು ಮೂಲೆಯ ಒಲೆಯ ಕೆಂಡ, ಆಮೇಲೆ ಚಾಪೆಯ ಮೇಲೆ ಮಲಗಿದ್ದ ಕೆಂಪಣ್ಣನ ಮಗಳು ವನಜಮ್ಮನ ಬೆವರಿದ ಹಣೆ, ಆಮೇಲೆ ಗೋಡೆಗೆ ಒರಗದೆ ನೆಟ್ಟಗೆ ಕೂತ ಒಬ್ಬ ಮುದುಕಿ. ಅವಳು ಏಳಲಿಲ್ಲ. ಅವಳ ಮಡಿಲ ಮುಂದೆ ಹಳೇ ಬಟ್ಟೆ ಹಾಸಿದ ಮೊರದಲ್ಲಿ ಮಗು ಇತ್ತು. ಬಗ್ಗಹೊರಟ ಪೂವಯ್ಯನನ್ನು ಅವಳು ಅಂಗೈ ಎತ್ತಿ ತಡೆದಳು.

"ಕೈ ತೊಳ್ಕೊಳ್ಳಿ ಡಾಕ್ಟ್ರಪ್ಪ. ಸೈಕಲ್ ತುಳ್ಕಂಡ್ ಬಂದಿರೋ ಕೈ ಅದು. ನೀರು ಕುದ್ಸಿ ಆರ್ಸಿಟ್ಟಿವ್ನಿ."

ಕೈ ತೊಳೆಯಿರಿ ಎಂದು ಊರೂರಿಗೆ ಹೇಳಿಕೊಂಡು ತಿರುಗಿದವನ ಕೈ ಅದು. ಕಾಲೇಜಿನಲ್ಲಿ ಕಲಿತ ಹಾಗೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದ, ಉಗುರಿನ ಸಂದು ಒಂದೊಂದನ್ನೂ ಉಜ್ಜಿದ. ನಿಂಗಮ್ಮ ಬೆರಳು ಎಣಿಸುತ್ತಿರುವವಳ ಹಾಗೆ ನೋಡುತ್ತಲೇ ಇದ್ದಳು. ಆಮೇಲೆ ಮಗುವಿನ ಹೊಟ್ಟೆಯ ಮೇಲಿದ್ದ ಎಲೆಯನ್ನು ಎತ್ತಿದಳು. ಕೆಂಡದ ಮೇಲೆ ಬಾಡಿಸಿದ ಎಳೆಯ ಬಾಳೆಎಲೆ. ನುಣ್ಣನೆಯ ಒಳಮೈ ಕೆಳಮುಖವಾಗಿ ಮುಚ್ಚಿತ್ತು.

ಎದೆಗೂಡು ಮುಗಿಯುವಲ್ಲಿಂದ ಹೊಕ್ಕುಳಿನವರೆಗೆ ಹೊಟ್ಟೆಗೆ ಗೋಡೆಯೇ ಇರಲಿಲ್ಲ. ಅಲ್ಲಿ ಒಂದು ಪೊರೆಯ ಚೀಲ ಎದ್ದು ನಿಂತಿತ್ತು. ಈರುಳ್ಳಿಯ ಒಳಪದರದಂಥ, ನೀರು ಹಿಡಿದ ಬೆಳಕಿನಂಥ ಪೊರೆ. ಅದರೊಳಗೆ ಬಲಗಡೆ ಯಕೃತ್ತಿನ ಕಡುಗೆಂಪು ಅಂಚು. ಅದರ ಪಕ್ಕ ಕರುಳಿನ ಸುರುಳಿಗಳು ಒಂದರ ಮೇಲೊಂದು ತಮ್ಮ ಪಾಡಿಗೆ ತಾವು ನಿಧಾನವಾಗಿ ಹರಿಯುತ್ತಿದ್ದವು. ಅವನು ಹೆಣಗಳಲ್ಲಿ ನೋಡಿದ್ದ ಕರುಳು ಹಗ್ಗದಂತಿತ್ತು. ಇದು ಕೆಲಸ ಮಾಡುತ್ತಿತ್ತು. ಯಾರೂ ನೋಡಬಾರದ ಅಡುಗೆಮನೆಯೊಂದರ ಕಿಟಕಿ ತೆರೆದುಬಿಟ್ಟ ಹಾಗೆ, ಒಳಗೆ ಗಡಿಬಿಡಿಯಿಲ್ಲದ ದುಡಿಮೆ ನಡೆದಿತ್ತು. ಎದೆಮೂಳೆಯ ಕೆಳತುದಿ ಸೀಳಿ ಎರಡಾಗಿತ್ತು. ಆ ಸಂದಿನಲ್ಲಿ ತೆಳುಚರ್ಮದ ಅಡಿಯಿಂದ ಹೃದಯದ ತುದಿ ಒಳಗಿನಿಂದ ಯಾರೋ ಬೆರಳಿನಿಂದ ಒತ್ತಿದ ಹಾಗೆ ಎದ್ದು, ಇಳಿದು, ಎದ್ದು. ಪುಸ್ತಕದಲ್ಲಿ ಇದನ್ನು ವಿಕೃತಿ ಎಂದು ಬರೆದಿರುತ್ತಾರೆ. ಆ ಮಾತು ಈ ಮೊರದ ಹತ್ತಿರ ನಿಲ್ಲುವಂತಿರಲಿಲ್ಲ. ಮೂರು ವಾರದ ಭ್ರೂಣದ ಹೊಟ್ಟೆ ಎಲೆಯ ಅಂಚು ಮಡಿಚಿದ ಹಾಗೆ ನಾಲ್ಕು ಕಡೆಯಿಂದ ಮಡಿಚಿಕೊಂಡು ಬಂದು ನಡುವೆ ಕೂಡುತ್ತದೆ. ಲಕ್ಷಗಟ್ಟಲೆ ಸಲ ಅದು ತಪ್ಪದೆ ಕೂಡುತ್ತದೆ ಎಂಬುದೇ ಬೆರಗು, ಒಂದು ಸಲ ತಪ್ಪಿದ್ದು ಬೆರಗಲ್ಲ ಎಂದು ಅವನಿಗೆ ಅನ್ನಿಸಿತು. ಸ್ಕೇಲು ತೆಗೆದು, ಮುಟ್ಟಿಸದೆ, ಮೇಲಿಂದ ಹಿಡಿದು ಅಳೆದ. ಪೊರೆಯ ಬುಡದ ಅಗಲ ಎರಡು ಮುಕ್ಕಾಲು ಇಂಚು.

ಪೊರೆಯ ತುದಿಯಲ್ಲೇ ಬಳ್ಳಿ ಸುರುವಾಗಿತ್ತು. ಎಲ್ಲಿ ಚೀಲ ಮುಗಿದು ಎಲ್ಲಿ ಬಳ್ಳಿ ಎಂದು ಹೇಳುವಂತಿರಲಿಲ್ಲ. ಅಲ್ಲಿಂದ ಪೂರ್ತಿ ಒಂದು ಗೇಣು ಬಿಟ್ಟು ಬಿಳಿ ನೂಲಿನ ಎರಡು ಗಂಟು.

"ಇಷ್ಟು ದೂರ ಕಟ್ಟಬೇಕು ಅಂತ ನಿಮಗೆ ಹೆಂಗೆ ಗೊತ್ತಾಯಿತು?" ಎಂದು ಕೇಳಿದ. ಧ್ವನಿ ಡಾಕ್ಟರನದಾಗಿರಲಿಲ್ಲ.

"ಬುಡ್ಡಿದೀಪ ಹಿಡ್ದು ನೋಡ್ದೆ. ಬಳ್ಳಿ ಹಿಂದ್ಗಡೆ ದೀಪ ಹಿಡುದ್ರೆ ಅದು ಬೆಳ್ಳಗೆ, ಬತ್ತಿ ತರ ಕಾಣ್ಬೇಕು. ಇದ್ರ ಬುಡದಲ್ಲಿ ಕಪ್ಪಗೆ ಏನೋ ಸುತ್ಕೊಂಡಿತ್ತು. ನೋಡ್ತಾ ನೋಡ್ತಾ ಹರಿದಾಡ್ತು. ಬಳ್ಳಿ ಹರಿದಾಡಲ್ಲ ಡಾಕ್ಟ್ರಪ್ಪ. ಹರಿದಾಡೋದು ಕರುಳು."

"ಎಲ್ಲ ಮಕ್ಕಳಿಗೂ ಹೀಗೆ ದೀಪ ಹಿಡಿದು ನೋಡುತ್ತೀರಾ?"

"ಎಲ್ಲಾ ಮಕ್ಕಳ್ಗೂ. ಕಟ್ಟೋಕ್ ಮುಂಚೆ ದೀಪ, ದೀಪ ಆದ್ಮೇಲೆ ಎರಡು ಬೆರಳಲ್ಲಿ ಹಿಸುಕಿ ನೋಡೋದು, ಆಮೇಲೆ ದಾರ. ನೀವೆಷ್ಟ್ ಬಿಟ್ಟು ಕಟ್ತೀರಿ?"

"ಎರಡು ಇಂಚು."

"ಎಲ್ಲಾರ್ಗೂ?"

"ಎಲ್ಲರಿಗೂ."

"ಊರೋರ್ಗೆಲ್ಲ ಒಂದೇ ಅಳತೆ ರವಿಕೆ ಹೊಲಿದಂಗೆ," ಎಂದು ನಿಂಗಮ್ಮ ನಕ್ಕಳು. ಅಷ್ಟು ನೋವಿನಲ್ಲೂ ವನಜಮ್ಮನ ತುಟಿ ಅಲುಗಿತು. ಪೂವಯ್ಯ ಸ್ಕೇಲನ್ನು ಜೇಬಿಗಿಟ್ಟುಕೊಂಡ. ಆ ನಗುವಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಕೈಗಳನ್ನೇ ನೋಡಿದ. ಗೆಣ್ಣು ದಪ್ಪಗಾದ, ಉಗುರು ಗಿಡ್ಡವಾಗಿ ಕತ್ತರಿಸಿದ ಕೈ. ಬೆಳಗಿನ ಜಾವ ಇದೇ ಕೋಣೆಯಲ್ಲಿ ಸುತ್ತಲೂ ಹೆಂಗಸರು ಕಿರುಚಿ ಹಿಂದಕ್ಕೆ ಸರಿದಾಗ ಆ ಕೈ ಬುಡ್ಡಿದೀಪ ತಂದು ಹಿಡಿದಿತ್ತು, ಕಾದಿತ್ತು, ಹರಿದಾಡಿದ್ದನ್ನು ಕಂಡಿತ್ತು. ನೋಡಿ ಕಾಯುವುದು, ತನಗೆ ನಾಲ್ಕು ವರ್ಷ ಕಲಿಸಲು ಪ್ರಯತ್ನಪಟ್ಟಿದ್ದು ಅದನ್ನೇ ಅಲ್ಲವೆ.

ಹತ್ತು ಗಂಟೆಯ ಹೊತ್ತಿಗೆ ವನಜಮ್ಮನ ಗಂಡ ಸಿದ್ದರಾಜು ಬಂದ. ದುಬಾರೆಯ ಆನೆ ಕ್ಯಾಂಪಿನ ಹತ್ತಿರ ಸರ್ಕಾರದ ಮರದ ಡಿಪೋದಲ್ಲಿ ದಿಮ್ಮಿಗೆ ನಂಬರು ಹೊಡೆಯುವ ಕೆಲಸ ಅವನದು. ಖಾಕಿ ಅಂಗಿಯ ಮೇಲೆ ಟಾರಿನ ಕಲೆ ಹಾಗೇ ಇತ್ತು. ಮಗುವನ್ನು ಒಂದು ಸಲ ನೋಡಿದವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಮೈಸೂರಿಗೆ ತಗೊಂಡ್ ಹೋಗಾನ ಡಾಕ್ಟ್ರೇ. ದೊಡ್ಡಾಸ್ಪತ್ರೆ. ಬಸ್ಸಿಗೆ ಈಗ್ಲೇ ಹೊರಟ್ರೆ ಸಿಕ್ತದೆ."

"ಹೌದು, ಮೈಸೂರೇ ಒಳ್ಳೆಯದು," ಎಂದು ಪೂವಯ್ಯ ಹೇಳಿಬಿಟ್ಟ. ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದನ್ನು ತಿರುಗಿಸಿ ನೋಡಿದ. ಐವತ್ತು ಮೈಲಿ. ಕುಶಾಲನಗರದ ಸೇತುವೆ ದಾಟಿದರೆ ಕೊಡಗು ಮುಗಿದು ಮೈಸೂರು, ಬೇರೆ ಸಂಸ್ಥಾನ, ಬೇರೆ ಸರ್ಕಾರ, ಬೇರೆ ರಿಜಿಸ್ಟರು. ಧೂಳಿನಲ್ಲಿ, ಕುಲುಕಾಟದಲ್ಲಿ, ಪಿರಿಯಾಪಟ್ಟಣ ಮುಟ್ಟುವ ಮೊದಲೇ ಪೊರೆ ಒಡೆಯುತ್ತದೆ. ಒಡೆದರೆ ಅದು ಸೇತುವೆಯ ಆಚೆ ಒಡೆಯುತ್ತದೆ. ಇನ್ನೊಬ್ಬ ಯಾರೋ ಪೆನ್ನು ಎತ್ತಿ ಬರೆಯುತ್ತಾನೆ. ತನ್ನೊಳಗೆ ಇಷ್ಟು ಚುರುಕಾಗಿ ಲೆಕ್ಕ ಹಾಕಿದವನು ಯಾರು ಎಂದು ಅವನಿಗೆ ಹೇಸಿಗೆಯಾಯಿತು.

ಒಳಗಿನಿಂದ ವನಜಮ್ಮ ಕರೆದಳು. "ಡಾಕ್ಟ್ರೇ, ಇಲ್ಲಿ ಬನ್ನಿ. ನಂಗೆ ಹೇಳಿ. ಮೈಸೂರಲ್ಲಿ ಏನ್ ಮಾಡ್ತಾರೆ?"

ಇಪ್ಪತ್ತೆರಡು ವರ್ಷದವಳು. ಹೆತ್ತು ಐದು ಗಂಟೆಯಾಗಿತ್ತು. ಅವಳ ಕಣ್ಣು ಕೆಂಪಗಿದ್ದವು, ಆದರೆ ಅವು ಅವನ ಮುಖ ಬಿಟ್ಟು ಕದಲಲಿಲ್ಲ.

"ಆಪರೇಷನ್ ಮಾಡಿ ಎಲ್ಲವನ್ನೂ ಒಳಗೆ ಹಾಕಿ ಹೊಲಿಯುತ್ತಾರೆ."

"ಹಿಡಿಸ್ತದಾ ಒಳಗೆ?"

ಯಾವ ಸರ್ಜನ್ನೂ ಮೊದಲು ಕೇಳಬೇಕಾದ ಪ್ರಶ್ನೆ ಅದು. "ಕಷ್ಟ. ಹೊಟ್ಟೆ ಚಿಕ್ಕದಾಗಿಯೇ ಬೆಳೆದಿದೆ. ಒಂದೇ ಸಲ ತುರುಕಿದರೆ ಉಸಿರಿಗೆ ಜಾಗ ಇರೋದಿಲ್ಲ. ಮೇಲೆ ಗುಂಡಿಗೆ ಬೇರೆ ಅಲ್ಲೇ ಇದೆ."

"ಇಲ್ಲೇ ಇದ್ರೆ?"

"ಹಳೇ ಪುಸ್ತಕ ಒಂದರಲ್ಲಿ ಓದಿದ್ದೆ. ಪೊರೆಗೆ ಸ್ಪಿರಿಟ್ಟು ಹಚ್ಚಿ ಒಣಗಿಸುವುದು. ಅದು ಕೊಳೆಯದೆ ಒಣಗಿದರೆ ಅಂಚಿನಿಂದ ಚರ್ಮ ತಾನಾಗಿ ಹಬ್ಬಿಕೊಂಡು ಬರುತ್ತದೆ. ಒಂದೂವರೆ ತಿಂಗಳೋ ಎರಡು ತಿಂಗಳೋ. ನಾನು ಮಾಡಿ ನೋಡಿಲ್ಲ. ಉಳಿಯುತ್ತದೆ ಅಂತ ಹೇಳಲಾರೆ ಅಮ್ಮ."

"ಪೊರೆ ಒಡೆದ್ರೆ?"

"ಒಡೆದರೆ ಇಲ್ಲ."

ವನಜಮ್ಮ ಮೊರದ ಕಡೆ ನೋಡಿದಳು, ನಿಂಗಮ್ಮನ ಕಡೆ ನೋಡಿದಳು. "ಬಸ್ಸಲ್ಲಿ ಕಳಿಸ್ಬೇಡಿ," ಎಂದಳು. "ನೀವು ದಿನಾ ಬರ್ಬೇಕು. ಸುಳ್ಳು ಹೇಳ್ಬಾರ್ದು. ಒಡೆಯೋ ಹಂಗಿದ್ರೆ ಮುಂಚೇನೇ ಹೇಳ್ಬೇಕು, ನಾನು ಎತ್ಕೊಂಡಿರ್ತೀನಿ."

ಅದಾದ ಮೇಲಿನ ದಿನಗಳು ಅವನಿಗೆ ಸೈಕಲ್ಲಿನ ಮೇಲೆಯೇ ಕಳೆದವು. ಬೆಳಿಗ್ಗೆ ಏಳಕ್ಕೆ ಹೋಗುವುದು, ಸ್ಪಿರಿಟ್ಟು ಹಚ್ಚುವುದು, ಅಂಚಿಗೆ ಕೆಂಪು ಮರ್ಕ್ಯುರೋಕ್ರೋಮು ಸವರುವುದು, ಒಂಬತ್ತಕ್ಕೆ ಡಿಸ್ಪೆನ್ಸರಿ ತೆರೆಯುವುದು, ಸಂಜೆ ಮತ್ತೆ ಹೋಗುವುದು. ಮಗುವಿಗೆ ಮೊಲೆಗೆ ಬಾಯಿ ಹಾಕಲು ಶಕ್ತಿ ಇರಲಿಲ್ಲ. ವನಜಮ್ಮ ಹಾಲು ಹಿಂಡಿ ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸುತ್ತಿದ್ದಳು. ಒಂದು ಒಳಲೆ ಮುಗಿಯಲು ಮುಕ್ಕಾಲು ಗಂಟೆ, ದಿನಕ್ಕೆ ಎಂಟು ಸಲ. ನಿಂಗಮ್ಮ ಪ್ರತಿ ಬೆಳಿಗ್ಗೆ ಹಿತ್ತಲಿನಿಂದ ಇನ್ನೂ ಬಿಚ್ಚದ ಬಾಳೆಯ ಸುಳಿ ತಂದು, ಕುದಿನೀರಿನ ಆವಿಗೆ ಹಿಡಿದು, ಆರಿಸಿ ಮುಚ್ಚುತ್ತಿದ್ದಳು. ಬಟ್ಟೆಯಾದರೆ ಅಂಟಿಕೊಳ್ಳುತ್ತದೆ, ಎಲೆ ಅಂಟುವುದಿಲ್ಲ. ಪೂವಯ್ಯ ಅದಕ್ಕಿಂತ ಒಳ್ಳೆಯ ಡ್ರೆಸ್ಸಿಂಗನ್ನು ಎಲ್ಲೂ ನೋಡಿರಲಿಲ್ಲ. ಆದರೆ ಅವನನ್ನು ಹೆಚ್ಚು ಬೆರಗುಗೊಳಿಸಿದ್ದು ಅವಳು ಮಾಡಿದ್ದಲ್ಲ, ಮಾಡದೆ ಬಿಟ್ಟದ್ದು. ಐವತ್ತು ವರ್ಷದಿಂದ ಅವಳು ಎಲ್ಲ ಶಿಶುಗಳಿಗೂ ಎಣ್ಣೆ ತಿಕ್ಕಿ, ಕಾಲ ಮೇಲೆ ಹಾಕಿಕೊಂಡು ಬಿಸಿಬಿಸಿ ನೀರು ಹೊಯ್ದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದವಳು. ಸುತ್ತದ ಮಗು ಬೆಚ್ಚಿಬೀಳುತ್ತದೆ, ಮೂಳೆ ನಿಲ್ಲುವುದಿಲ್ಲ ಎಂದು ಬಲವಾಗಿ ನಂಬಿದವಳು. ಈ ಒಂದು ಮಗುವಿಗೆ ಅವಳು ಎಣ್ಣೆ ಮುಟ್ಟಿಸಲಿಲ್ಲ, ನೀರು ಹೊಯ್ಯಲಿಲ್ಲ, ಸುತ್ತಲಿಲ್ಲ. ಕೇರಿಯ ಮುದುಕಿಯರು ಬಂದು, "ಇದೇನೇ ನಿಂಗಿ, ಮಗೂನ ಹಪ್ಪಳ ಒಣಗ್ಹಾಕಿದಂಗೆ ಹಾಕಿದೀಯ" ಎಂದರೆ, "ಹೂಂ ಕಣೆ, ನೊಣ ಓಡಿಸ್ತಾ ಕೂತಿವ್ನಿ, ನೀನೂ ಕೂತ್ಕೊ ಬಾ" ಎಂದು ಬೀಸಣಿಗೆ ಕೈಗೆ ಕೊಡುತ್ತಿದ್ದಳು. ತನ್ನ ಕಾಯಿದೆಯನ್ನೇ ಪಕ್ಕಕ್ಕಿಟ್ಟು ಎದುರಿಗಿರುವುದನ್ನು ನೋಡುವ ಆ ಧೈರ್ಯ ಎಲ್ಲಿಂದ ಬರುತ್ತದೆ? ಅವನಿಗೆ ಎರಡು ಇಂಚನ್ನು ಬಿಡಲು ಆಗಿರಲಿಲ್ಲ.

ಒಂಬತ್ತನೆಯ ದಿನ ಅಂಚಿನಲ್ಲಿ ವಾಸನೆ ಬಂತು, ಮೈ ಕಾದಿತು. ವನಜಮ್ಮನಿಗೆ ಸುಳ್ಳು ಹೇಳದೆ ಹೇಳಿದ. ಅವಳು ಮೊರವನ್ನು ಮಡಿಲಿಗೆ ಎಳೆದುಕೊಂಡು ಎರಡು ಹಗಲು ಹಾಗೆಯೇ ಕೂತಳು. ಮಡಿಕೇರಿಯಿಂದ ಪೆನಿಸಿಲಿನ್ನು ತರಿಸಿ ನಾಲ್ಕು ಗಂಟೆಗೊಂದು ಸಲ ಚುಚ್ಚಿದ. ಸಿದ್ದರಾಜು ಡಿಪೋಗೆ ರಜಾ ಹಾಕಿ, ಸೂಜಿ ಕುದಿಸುವುದು ತನ್ನ ಕೆಲಸ ಎಂದು ಒಲೆಯ ಮುಂದೆ ಕೂತ. ಹನ್ನೆರಡನೆಯ ದಿನ ಕಾವು ಇಳಿಯಿತು. ಪೊರೆ ಒಣಗಿ ತೊಗಲಿನ ಹಾಗೆ ಕಂದುಬಣ್ಣಕ್ಕೆ ತಿರುಗಿತು. ಗೇಣುದ್ದದ ಬಳ್ಳಿ ಕಪ್ಪಗಾಗಿ, ಮುರುಟಿ, ತಾನಾಗಿ ಉದುರಿತು. ಇಪ್ಪತ್ತನೆಯ ದಿನ ಅಂಚಿನಲ್ಲಿ ತೆಳ್ಳಗೆ, ಗುಲಾಬಿಬಣ್ಣದ ಹೊಸ ಚರ್ಮ ಕಂಡಿತು. ಅವತ್ತಿನಿಂದ ಅದು ದಿನದಿನವೂ ಕೂದಲೆಳೆಯಷ್ಟು ಒಳಗೆ ಬರುತ್ತಿತ್ತು. ಯಾರೂ ಹೇಳದೆ, ಯಾರೂ ಎಳೆಯದೆ. ಅವನು ಅಳೆದು ಬರೆದುಕೊಳ್ಳುತ್ತಿದ್ದ. ಎರಡೂವರೆ, ಎರಡು, ಒಂದು ಮುಕ್ಕಾಲು.

ಮೂವತ್ತೊಂದನೆಯ ದಿನ, ಮಧ್ಯಾಹ್ನ. ನಿಂಗಮ್ಮ ಹಿತ್ತಲಲ್ಲಿ ಬಾಳೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕುಡುಗೋಲು ತೊಳೆಯುತ್ತಿದ್ದಳು. ಪೂವಯ್ಯ ಕೈ ಒರೆಸಿಕೊಳ್ಳುತ್ತ ಅವಳ ಪಕ್ಕ ನಿಂತ. ಹೇಳಬೇಕೆಂದು ಅಂದುಕೊಂಡಿರಲಿಲ್ಲ. ಲಿಂಗಿಯ ಹೆಸರು ತಾನಾಗಿ ಬಾಯಿಗೆ ಬಂತು. ಎರಡು ಇಂಚು, ರೇಷ್ಮೆ ದಾರ, ಗಂಟಿನ ಕೆಳಗೆ ಗುಳುಗುಳು ಎಂದದ್ದು, ಹಸುರು ವಾಂತಿ, ರಿಜಿಸ್ಟರಿನಲ್ಲಿ ಬರೆದದ್ದು, ಕಿತ್ತಳೆ. ಎಲ್ಲವನ್ನೂ ಕೇಸು ಓದಿ ಒಪ್ಪಿಸುವವನ ಹಾಗೆ ಕ್ರಮವಾಗಿ ಹೇಳಿದ. ಮುದುಕಿ ಅವನ ಮುಖ ನೋಡಲಿಲ್ಲ. ಕುಡುಗೋಲಿನ ನೀರು ಕೊಡವಿದಳು.

"ನಾನೂ ಕಟ್ಟಿದ್ದೆ ಒಂದ," ಎಂದಳು. "ನನ್ ತಂಗಿ ಮಗೂಗೆ. ಆಗ ನಂಗೆ ಮೂವತ್ತು ವರ್ಷ. ನಾಲ್ಕ್ ದಿನ ಇತ್ತು. ದೀಪ ಹಿಡಿಯೋದು ಯಾರೂ ಹೇಳ್ಕೊಟ್ಟಿದ್ದಲ್ಲ ಡಾಕ್ಟ್ರಪ್ಪ. ಅದ್ರಿಂದ ಕಲ್ತಿದ್ದು."

ಅವನೊಳಗೆ ಏನೋ ಸಡಿಲವಾಯಿತು. ಆದ್ದರಿಂದಲೇ ಅವಳ ಮುಂದಿನ ಮಾತು ಅವನನ್ನು ಸಿದ್ಧವಿಲ್ಲದವನನ್ನು ಹೊಡೆದ ಹಾಗೆ ಹೊಡೆಯಿತು.

"ಲಿಂಗಿಗೆ ಹೇಳಿದ್ರಾ?"

"ಇಲ್ಲ."

"ನಂಗ್ಯಾಕ್ ಹೇಳ್ತೀರಿ ಮತ್ತೆ? ನಂಗೇನ್ ಬಂತು ಇದ್ರಿಂದ?"

"ಅವಳು ಈಗ ಎಲ್ಲಿದ್ದಾಳೋ. ತಿಳಿದರೆ ಅವಳಿಗೆ ಇನ್ನೂ ನೋವಾಗಬಹುದು..."

"ಆಗ್ತದೆ. ನನ್ ತಂಗಿ ನನ್ನ ಎರಡು ವರ್ಷ ಮಾತಾಡಿಸ್ಲಿಲ್ಲ." ನಿಂಗಮ್ಮ ಎದ್ದು ಸೊಂಟ ಹಿಡಿದುಕೊಂಡಳು. "ಮುಂದಿನ ಹೆರಿಗೆಗೆ ನನ್ನೇ ಕರೆಸಿದ್ಲು. ಬಾಗ್ಲಲ್ಲಿ ನಿಂತ್ಕೊಂಡು ಏನಂದ್ಲು ಗೊತ್ತಾ, ದೀಪ ತಂದಿದ್ದೀಯೇನೇ ಅಂದ್ಲು. ಹೋಗಿ, ಊಟ ಮಾಡಿ. ನಿಮ್ ಮನೆಯೋರು ಕಾಯ್ತಿರ್ತಾರೆ."

ಅದಾಗಿ ಹದಿನಾರು ದಿನ ಅವರಿಬ್ಬರೂ ಆ ಮಾತು ಎತ್ತಲಿಲ್ಲ. ಅವಳು ಎಲೆ ಕೊಟ್ಟಳು, ಅವನು ಸ್ಪಿರಿಟ್ಟು ಹಚ್ಚಿದ. ಅವಳ ಮೌನದಲ್ಲಿ ತಿರಸ್ಕಾರ ಇದೆಯೇ ಎಂದು ಅವನು ದಿನವೂ ಹುಡುಕಿದ, ಇರಲಿಲ್ಲ. ಹುಡುಕುವ ತನ್ನ ಕಣ್ಣಿನ ಬಗ್ಗೆಯೇ ಬೇಸರವಾಯಿತು. ಮಾದಾಪುರದ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಒಂದು ಕಾಗದ ಬರೆದ. ಉತ್ತರ ಬಂತು: ಲಿಂಗಿ ಅಲ್ಲೇ ಇದ್ದಾಳೆ, ಅದೇ ಲೈನಿನಲ್ಲಿ, ಕಾಫಿ ಪಿಕ್ಕಿಂಗ್ ಮುಗಿದ ಮೇಲೂ ಊರಿಗೆ ಹೋಗಿಲ್ಲ. ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ತಿರುಗಾಡಿದ.

ಮಾರ್ಚ್ ಇಪ್ಪತ್ತೊಂಬತ್ತು, ಸೋಮವಾರ, ನಲವತ್ತೇಳನೆಯ ದಿನ. ಒಂದು ದಿನದ ರಜಾ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೂವಯ್ಯ ಹೊಳೆದಂಡೆಗೆ ಬಂದ. ಹಿಂದಿನ ವಾರ ಹೂಮಳೆ ಬಿದ್ದು, ಹೊಳೆಯಾಚೆಯ ತೋಟಗಳ ಕಾಫಿ ಹೂವಿನ ವಾಸನೆ ಅಂಗಳದವರೆಗೂ ಬಂದಿತ್ತು. ಎಲೆ ಎತ್ತಿದಾಗ ಒಣಗಿದ ಪೊರೆಯ ಕೊನೆಯ ಚಕ್ಕೆ ಎಲೆಯ ಜೊತೆಗೇ ಬಂತು. ಅದರ ಕೆಳಗೆ ಎಲ್ಲಾ ಕಡೆ ಚರ್ಮ. ಸುಕ್ಕುಸುಕ್ಕಾದ, ಹೊಸ, ತೆಳುಗುಲಾಬಿ ಚರ್ಮ; ಹೊಟ್ಟೆ ಇನ್ನೂ ಗುಡ್ಡದ ಹಾಗೆ ಉಬ್ಬಿತ್ತು, ಆದರೆ ಮುಚ್ಚಿತ್ತು. ಕೆಂಪಣ್ಣ ಬಾಗಿಲಾಚೆಯಿಂದ, "ಏನಾಯ್ತು? ಏನಾಯ್ತಕ್ಕ? ಯಾರಾದ್ರೂ ಬಾಯ್ ಬಿಡಿ" ಎಂದು ಕೂಗುತ್ತಿದ್ದ.

"ಬಾಗ್ಲು ಹಾಕ್ಕೊಂಡದೆ ನಿನ್ ಮೊಮ್ಮಗಳು," ಎಂದಳು ನಿಂಗಮ್ಮ. "ಇನ್ ಯಾರ್ಗೂ ತೋರ್ಸಲ್ವಂತೆ."

ಹೊರಗೆ ಕೆಂಪಣ್ಣ ಗೋಡೆಗೆ ಒರಗಿ ಕೂತ ಸದ್ದು ಕೇಳಿಸಿತು. ವನಜಮ್ಮ ಮಗುವಿನ ಎದೆಯ ಕೆಳಗೆ ಬೆರಳು ತೋರಿಸಿದಳು. ಅಲ್ಲಿ ಚರ್ಮದ ಅಡಿಯಿಂದ ಹೃದಯದ ತುದಿ ಈಗಲೂ ಏಳುತ್ತಿತ್ತು.

"ಇದು ಹಿಂಗೇ ಇರ್ತದಾ?"

"ಇರುತ್ತದೆ. ಮೂಳೆ ಕೂಡಿಲ್ಲ. ಹೊಟ್ಟೆಯ ಗೋಡೆಯೂ ಒಳಗೆ ಕೂಡಿಲ್ಲ, ಮೇಲೆ ಚರ್ಮ ಮಾತ್ರ ಮುಚ್ಚಿದೆ. ಮೂರೋ ನಾಲ್ಕೋ ವರ್ಷವಾಗಲಿ, ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲೀತನಕ ಬೀಳದ ಹಾಗೆ, ಪೆಟ್ಟು ಬೀಳದ ಹಾಗೆ ನೋಡಿಕೊಳ್ಳಬೇಕು. ಮುಂದೆ ಏನು ಎಂದು ನನಗೆ ಗೊತ್ತಿಲ್ಲ."

"ಸರಿ," ಎಂದಳು ವನಜಮ್ಮ. ಗೊತ್ತಿಲ್ಲ ಎಂಬ ಮಾತನ್ನು ಅವಳು ಔಷಧದ ಹಾಗೆ ಕೈಚಾಚಿ ತೆಗೆದುಕೊಂಡಳು. ಇಷ್ಟು ನೆಟ್ಟಗಿನ ಜನದ ನಡುವೆ ತಾನು ಒಂದೂವರೆ ತಿಂಗಳು ಇದ್ದೆ ಎಂದು ಅವನಿಗೆ ಅನ್ನಿಸಿತು.

ನಿಂಗಮ್ಮ ಅವನ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಎಲ್ಲಿಗೋ ಹೊರಟಂಗದೆ."

"ಮಾದಾಪುರಕ್ಕೆ," ಎಂದ ಪೂವಯ್ಯ. "ಲೈನಿಗೆ."

ಅವಳು ಬಾಡಿದ ಎಲೆಯನ್ನು ಮಡಿಚಿ ಪಕ್ಕಕ್ಕಿಟ್ಟಳು. "ಬಸ್ ಎಷ್ಟೊತ್ತಿಗೆ?"

"ಹತ್ತೂವರೆಗೆ."

"ಹಂಗಾದ್ರೆ ಟೈಮದೆ. ಕೂತ್ಕೊಂಡ್ ನಿಮ್ ಕೆಲ್ಸ ಮುಗಿಸಿ."

ಅವನು ಕೂತ. ಇಷ್ಟು ದಿನವೂ ಅವಸರಕ್ಕೆ ಗುಂಡಿಗೆಯ ಬಡಿತವನ್ನು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿ ಬರೆದುಕೊಳ್ಳುತ್ತಿದ್ದ. ಈವತ್ತು ಗಡಿಯಾರವನ್ನು ಮೊರದ ಅಂಚಿಗೆ ಆನಿಸಿಟ್ಟು, ತೊಳೆದ ತೋರುಬೆರಳನ್ನು ಎದೆಮೂಳೆಯ ಸೀಳಿನ ಕೆಳಗೆ, ಒತ್ತದೆ, ಇಟ್ಟ. ಮಗು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ಸೆಕೆಂಡಿನ ಮುಳ್ಳು ಪೂರ್ತಿ ಒಂದು ಸುತ್ತು ಬರುವವರೆಗೆ ಅವನು ಬೆರಳು ತೆಗೆಯಲಿಲ್ಲ, ಒಂದು ಬಡಿತವನ್ನೂ ಬಿಡದೆ ಎಣಿಸಿದ. ನಿಮಿಷಕ್ಕೆ ನೂರ ಮೂವತ್ತಾರು.